ಅಜ್ಜನ ಮಂಚದ ಕಾಲು

ಅಜ್ಜನ ಮಂಚದ ಕಾಲು ಮುರಿದವರು ಯಾರು ಎಂಬುದು ಆ ಕುಟುಂಬದ ಚರಿತ್ರೆಯಲ್ಲಿ ಇನ್ನೂ ಇತ್ಯರ್ಥವಾಗದ, ಅತ್ಯಂತ ಗಂಭೀರವಾದ ಪ್ರಶ್ನೆ. ಆಸ್ತಿ ಪಾಲಾದಾಗ ಯಾರೂ ದನಿ ಎತ್ತಿರಲಿಲ್ಲ. ನಿಶ್ಚಯವಾಗಿದ್ದ ಮದುವೆಯೊಂದು ಮುರಿದುಬಿದ್ದಾಗಲೂ ಎಲ್ಲರೂ ಊಟ ಮುಗಿಸಿಯೇ ಎದ್ದಿದ್ದರು. ಮಂಚದ ಮಾತು ಬಂತೆಂದರೆ ಮಾತ್ರ ಮನೆ ಎರಡು ಪಕ್ಷವಾಗುತ್ತಿತ್ತು. ಒಂದಕ್ಕೆ ಸೋದರತ್ತೆ ನಾಯಕಿ. ಇನ್ನೊಂದಕ್ಕೆ ಅವಳೇ ಸಾಕಿ ದೊಡ್ಡವಳನ್ನಾಗಿ ಮಾಡಿದ ಅಣ್ಣನ ಮಗಳು.

ಆ ಅಣ್ಣನ ಮಗಳು ಈಗ ಪರದೇಶದ ವಿಮಾನ ನಿಲ್ದಾಣದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಸಿಟಿ ಬಸ್ ಡ್ರೈವರಿನ ಸಮವಸ್ತ್ರ ತೊಟ್ಟು ಬೆವರುತ್ತಿದ್ದಳು. ಅವಳ ಮಧ್ಯಾಹ್ನದ ಪಾಳಿಯ ಬಸ್ಸು ಆ ನಿಲ್ದಾಣದಿಂದಲೇ ಹೊರಡುವುದು. ಅತ್ತೆಯ ವಿಮಾನ ಬೆಳಿಗ್ಗೆಯೇ ಇಳಿದಿತ್ತು. ಅತ್ತೆ ಮಾತ್ರ ಪಕ್ಕದ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಳು.

ಆ ದೇಶದ ಕಾನೂನಿಗೆ ಅಪ್ಪ, ಅಮ್ಮ, ಮಕ್ಕಳು ಎಂದರೆ ಅರ್ಥವಾಗುತ್ತಿತ್ತು. ಸೋದರತ್ತೆ ಎಂದರೆ ಹುಬ್ಬು ಗಂಟಾಗುತ್ತಿತ್ತು. ತಾಯಿಯ ಜಾಗದಲ್ಲಿ ನಿಂತು ಸಾಕಿದವಳೆಂದು ನಂಬಿಕೆ ಬಂದರೆ ಮಾತ್ರ ಪ್ರವೇಶ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೆ ಕೊನೆಯ ಮಾತು ನಿಲ್ದಾಣದ ಅಧಿಕಾರಿಯದು. ಅವನಿಗೆ ನಂಬಿಕೆ ಬರದಿದ್ದರೆ ಅತ್ತೆ ಬಂದ ದಾರಿಯಲ್ಲೇ ವಾಪಸ್.

ಡ್ರೈವರಮ್ಮ ಕೈ ಕಟ್ಟಿ ಕೂತವಳಲ್ಲ. ಹೊಸ ರೂಟು ಸಿಕ್ಕಿದರೆ ಮೊದಲು ಖಾಲಿ ಬಸ್ಸು ಓಡಿಸಿ, ಸ್ಟಾಪು, ತಿರುವು, ಗುಂಡಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ ಮೇಲೇ ಜನರನ್ನು ಹತ್ತಿಸುವುದು ಅವಳ ಪದ್ಧತಿ. ಅತ್ತೆಯನ್ನೂ ಹಾಗೆಯೇ ತಯಾರು ಮಾಡಿದ್ದಳು. ವಾರವಾರ ಫೋನಿನಲ್ಲಿ ಪಾಠ. ಮನೆಯ ಬಾಗಿಲು ಯಾವ ಕಡೆ, ಅತ್ತೆ ಊರವರ ಬಟ್ಟೆ ಹೊಲಿಯುತ್ತಿದ್ದ ಮೆಷಿನ್ ಎಲ್ಲಿತ್ತು, ಅಜ್ಜ ಎಲ್ಲಿ ಮಲಗುತ್ತಿದ್ದರು. ಎಲ್ಲ ಸಲೀಸಾಗಿ ಸಾಗಿ, ಗಾಡಿ ಕೆಟ್ಟು ನಿಂತದ್ದು ಒಂದೇ ಕಡೆ.

"ಅತ್ತೆ, ಮಂಚದ ಕಥೆ ಬಂದ್ರೆ ಏನು ಹೇಳ್ತೀಯ?"

"ನೀನು ಮುರಿದೆ ಅಂತೀನಿ."

"ನಾನು, ನೀನು ಮುರಿದೆ ಅಂತೀನಿ. ಇಬ್ಬರೂ ಎರಡು ಥರ ಹೇಳಿದ್ರೆ ನಿನ್ನ ವಾಪಸ್ ಕಳಿಸ್ತಾರೆ. ಬೇಕಾ?"

ಡ್ರೈವರಮ್ಮನ ಗಂಡ ಮೆಕ್ಯಾನಿಕ್. ಉಜ್ಜಾಡುವ ಎರಡು ಲೋಹಗಳ ನಡುವೆ ಎಣ್ಣೆ ಬಿಡುವುದು ಅವನ ಕಸುಬು. "ತಾನಾಗೇ ಮುರೀತು ಅನ್ನಿ ಅತ್ತೆ," ಎಂದ. "ಮರ ಹಳೇದಾಗಿತ್ತು, ಯಾರ ತಪ್ಪೂ ಇಲ್ಲ."

"ಪಾಪದ ಮರ, ಬಾಯಿ ಇಲ್ಲ ಅಂತ ಅದರ ತಲೆಗೆ ಕಟ್ತೀರಲ್ಲಪ್ಪ," ಎಂದು ಗೊಣಗಿ ಅತ್ತೆ ಒಪ್ಪಿದ್ದಳು.

ಈಗ ಅಧಿಕಾರಿ ಎದುರಿಗೆ ಕೂತಿದ್ದ. ನಗುವನ್ನು ಬೆಳಿಗ್ಗೆ ಮನೆಯಲ್ಲೇ ಬಿಟ್ಟು ಬರುವವನಂತಿದ್ದ.

"ಅವರನ್ನೂ ಕೇಳಿದೆ, ನಿಮ್ಮನ್ನೂ ಕೇಳಿದೆ. ಒಂದು ಉತ್ತರದಲ್ಲೂ ವ್ಯತ್ಯಾಸ ಇಲ್ಲ," ಎಂದ. ಡ್ರೈವರಮ್ಮ ನಿಟ್ಟುಸಿರು ಬಿಡುವಷ್ಟರಲ್ಲಿ, "ಅದೇ ನನ್ನ ತೊಂದರೆ," ಎಂದು ಮುಂದುವರಿಸಿದ. "ಆ ಮನೆಯಲ್ಲಿ ನಡೆದ, ಮರೆಯಲಾಗದ ಒಂದು ಘಟನೆ ಹೇಳಿ ಅಂದೆ. ಇಬ್ಬರೂ ಮಂಚ ಅಂದಿರಿ. ಹೇಗೆ ಮುರಿಯಿತು ಅಂದೆ. ತಾನಾಗೇ ಮುರಿಯಿತು, ಮರ ಹಳೇದಾಗಿತ್ತು, ಯಾರ ತಪ್ಪೂ ಇಲ್ಲ. ಇಬ್ಬರದೂ ಅದೇ ಮಾತು, ಅದೇ ಕ್ರಮ. ರಾತ್ರಿ ಏನು ಊಟ ಮಾಡಿದಿರಿ ಅಂತ ನನ್ನನ್ನೂ ನನ್ನ ಹೆಂಡತಿಯನ್ನೂ ಕೇಳಿದರೆ ಎರಡು ಉತ್ತರ ಬರುತ್ತೆ. ನೀವು ಒಂದೇ ಮನೆಯಲ್ಲಿ ಬದುಕಿದವರಲ್ಲ. ಒಂದೇ ಪಾಠ ಉರು ಹೊಡೆದವರು."

ಡ್ರೈವರಮ್ಮನಿಗೆ ಅರ್ಥವಾಯಿತು: ತಾನೇ ತೋಡಿದ ಗುಂಡಿಗೆ ತನ್ನದೇ ಬಸ್ಸು.

ಅತ್ತೆಯನ್ನು ಕರೆತಂದರು. ಹಿಂದೆ ದುಭಾಷಿ, ಕನ್ನಡ ಬಲ್ಲ ಒಬ್ಬ ದುಂಡು ಮನುಷ್ಯ. ಅತ್ತೆ ಮೊದಲಿಗಿಂತ ಗಿಡ್ಡಗಾದಂತೆ ಕಂಡಳು. ಮುಟ್ಟಬಾರದು, ಕೇಳದೆ ಮಾತಾಡಬಾರದು ಎಂದು ಮೊದಲೇ ಹೇಳಿದ್ದರು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಸೊರಗಿದ್ದೀಯಲ್ಲೇ," ಎಂದಳು. ದುಭಾಷಿ ಅದನ್ನು ಶ್ರದ್ಧೆಯಿಂದ ಅನುವಾದಿಸಿದ. ಅಧಿಕಾರಿ ಡ್ರೈವರಮ್ಮನ ಸಮವಸ್ತ್ರದ ಬಿಗಿದ ಗುಂಡಿಗಳನ್ನು ನೋಡಿದ.

"ಕೊನೆಯ ಸಲ ಕೇಳುತ್ತೇನೆ. ಮಂಚ ಹೇಗೆ ಮುರಿಯಿತು?"

"ತಾನಾಗೇ..." ಎಂದು ಅತ್ತೆ ಶುರು ಮಾಡಿದಳು. "ಸ್ವಾಮಿ, ಇನ್ನು ನನ್ನ ಕೈಲಾಗಲ್ಲ. ಮುರಿದಿದ್ದು ಇವಳೇ."

ಕಾನೂನು, ವಿಮಾನ, ಎದುರಿಗಿದ್ದ ಮೇಜು ಎಲ್ಲವೂ ಡ್ರೈವರಮ್ಮನಿಗೆ ಮರೆತುಹೋದವು.

"ನಾನಾ? ಬಟ್ಟೆ ಗಂಟುಗಳನ್ನೆಲ್ಲ ಅದರ ಮೇಲೆ ಪೇರಿಸಿಟ್ಟಿದ್ದು ಯಾರು?"

"ಗಂಟು ಎಗರುತ್ತೇನೇ? ಎಗರಿದ್ದು ನೀನು! ಕೋತಿ ಹಾಗೆ!"

"ಕಿಟಕಿ ಎಟುಕ್ತಿರ್ಲಿಲ್ಲ, ಎಗರಿದೆ. ಆಮೇಲೆ ನೀನೂ ಮಂಚ ಹತ್ತಿ ನನ್ನ ಎತ್ಕೊಂಡೆಯಲ್ಲ, ಆಗ ತಾನೇ ಲಟ್ ಅಂದಿದ್ದು? ಅಜ್ಜ ಕೇಳಿದಾಗ ಕೈ ತೋರಿಸಿದ್ದು ನನ್ನ ಕಡೆ!"

"ಎತ್ಕೊಳ್ದೆ ಏನ್ ಮಾಡ್ಲಿ?" ಅತ್ತೆ ಮೇಜು ಗುದ್ದಿದಳು. "ದಿನಾ ಸಂಜೆ ನೀನು ಬಸ್‌ಸ್ಟ್ಯಾಂಡ್ ಕಡೆ ನೋಡ್ಕೊಂಡು, ಅಮ್ಮ ಯಾವ ಬಸ್ಸಲ್ಲಿ ಇಳೀತಾಳೆ ಅಂತ ಕೇಳ್ತಿದ್ದೆ. ತೀರಿಹೋದೋಳು ಬಸ್ಸಲ್ಲಿ ಬರಲ್ಲ ಕಣೇ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಎತ್ತಿ ತೋರಿಸ್ದೆ. ನೋಡು, ಇದ್ರಲ್ಲೂ ಇಲ್ಲ, ಇದ್ರಲ್ಲೂ ಇಲ್ಲ, ನಾಳೆ ನೋಡೋಣ ಅಂತ."

ಇಬ್ಬರ ಮಾತಿನ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದ ದುಭಾಷಿ ಅಲ್ಲಿ ನಿಂತುಬಿಟ್ಟ. ಅಧಿಕಾರಿ ಅವನತ್ತ ನೋಡಿದ. ದುಭಾಷಿ ಚಿಕ್ಕ ಚಿಕ್ಕ ಮಾತುಗಳಲ್ಲಿ, ನಿಧಾನವಾಗಿ ಹೇಳಿ ಮುಗಿಸಿದ.

"ಇದನ್ನ ನೀನು ಯಾವತ್ತೂ ಹೇಳ್ಲಿಲ್ಲ," ಎಂದಳು ಡ್ರೈವರಮ್ಮ.

"ನೀನು ಹೇಳೋಕೆ ಬಿಟ್ರೆ ತಾನೇ? ಯಾವಾಗ್ಲೂ ಕಾಲು, ಕಾಲು, ಕಾಲು."

"ಸರಿ ಹಾಗಾದ್ರೆ, ಇಬ್ಬರೂ ಸೇರಿ ಮುರಿದ್ವಿ."

"ಇಬ್ಬರೂ ಅಲ್ಲ. ನೀನೇ."

ದಪ್ಪೆಂದು ಸದ್ದಾಯಿತು. ಅಧಿಕಾರಿ ಮುದ್ರೆ ಒತ್ತಿದ್ದ. "ಕರೆದುಕೊಂಡು ಹೋಗಿ," ಎಂದ. "ಉಳಿದದ್ದನ್ನು ಮನೆಯಲ್ಲಿ ಮುಂದುವರಿಸಿ. ಹೊರಗೆ ಜನ ಕಾಯುತ್ತಿದ್ದಾರೆ." ಬೆಳಗಿನ ನಗು ಮನೆಯಿಂದ ಅಷ್ಟು ಹೊತ್ತಿಗೆ ಬಂದು ತಲುಪಿತ್ತು.

ಅತ್ತೆ ಏಳುತ್ತ ದುಭಾಷಿಗೆ ಮೆಲ್ಲಗೆ ಹೇಳಿದಳು, "ಮನುಷ್ಯ ಒಳ್ಳೆಯವನಪ್ಪ. ಕೋಟು ಹೊಲಿದೋನು ಮಾತ್ರ ಕೆಡಿಸಿಟ್ಟಿದ್ದಾನೆ." ಇದನ್ನು ದುಭಾಷಿ ಅನುವಾದಿಸಲಿಲ್ಲ.

ಬಸ್ಸು ಹೊರಡುವ ಹೊತ್ತಾಗಿತ್ತು. ಹೊರಗೆ ಕಾಯುತ್ತಿದ್ದ ಮೆಕ್ಯಾನಿಕ್ ಪೆಟ್ಟಿಗೆಗಳನ್ನು ಹತ್ತಿಸಿದ. ಅತ್ತೆ ಡ್ರೈವರ್ ಸೀಟಿನ ಹಿಂದಿನ ಸೀಟಿನಲ್ಲಿ ಸಿಂಹಾಸನದ ಮೇಲೆ ಕೂತಂತೆ ಕೂತು, ಹತ್ತಿದವರಿಗೆಲ್ಲ, "ನಮ್ಮ ಹುಡುಗಿ! ನಾನೇ ಸಾಕಿದ್ದು! ಇಷ್ಟು ದೊಡ್ಡ ಗಾಡಿ ಹೇಗೆ ತಿರುಗಿಸ್ತಾಳೆ ನೋಡಿ!" ಎಂದು ಅಚ್ಚ ಕನ್ನಡದಲ್ಲಿ ಸಾರಿದಳು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಎಲ್ಲರೂ ತಲೆ ಆಡಿಸಿದರು. ಹಿಂದಿನ ಸೀಟಿನ ಮುದುಕನೊಬ್ಬ ಚಪ್ಪಾಳೆಯನ್ನೂ ತಟ್ಟಿದ. ಡ್ರೈವರಮ್ಮ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡಿದಳು, ಪ್ರತಿ ಸ್ಟಾಪಿನಲ್ಲೂ.

ಮನೆಯ ಹತ್ತಿರದ ಸ್ಟಾಪು ಬಂತು. ಬಸ್ಸಿನಿಂದ ಅತ್ತೆ ಇಳಿದಳು.

ಡ್ರೈವರಮ್ಮ ಪಾಳಿ ಮುಗಿಸಿ ಮನೆಗೆ ಬಂದಾಗ ಅತ್ತೆ ತನಗೆಂದು ಸಿದ್ಧ ಮಾಡಿಟ್ಟಿದ್ದ ಕೋಣೆಯಲ್ಲಿ ತಪಾಸಣೆ ನಡೆಸುತ್ತಿದ್ದಳು. ಮಂಚವನ್ನು ಮೆಕ್ಯಾನಿಕ್ ತಾನೇ ಮಾಡಿದ್ದ. ಕಾಲಿಗೆ ಕಬ್ಬಿಣದ ಪೈಪು, ಪೈಪಿಗೆ ಅಡ್ಡಪಟ್ಟಿ, ಲಾರಿಯನ್ನೇ ನಿಲ್ಲಿಸಬಹುದಾದಂಥ ಬೆಸುಗೆ. ಅತ್ತೆ ನಾಲ್ಕೂ ಕಾಲು ತಟ್ಟಿ ನೋಡಿ, ಒಂದು ಅಂಚಿಗೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಸವರಿದಳು.

"ಬಾ. ನಿಧಾನ. ಎಗರಬೇಡ."

ಡ್ರೈವರಮ್ಮ ಎಗರಿಯೇ ಕೂತಳು.

ಮಂಚ ಮುರಿಯಲಿಲ್ಲ.