ಕ್ಯಾಮೆರಾಕ್ಕೆ ಕಾಣದ ಗಾಳಿ

ನೇಥನ್ ವಿಡಿಯೋದಲ್ಲಿ ಸುಳ್ಳು ಹೇಳುತ್ತಾನೆ ಎಂದು ಯಾರಾದರೂ ಅಂದಿದ್ದರೆ ಏಂಜೆಲ್ ಮೊದಲೆಲ್ಲ ಜಗಳಕ್ಕೇ ನಿಲ್ಲುತ್ತಿದ್ದಳು. ಗಂಡ ಹೇಳುವ ಮಾತೆಲ್ಲ ಖರೆಯೇ. ಹೊಲಸೆಲ್ಲ ಇದ್ದದ್ದು ಹೇಳದ ಮಾತಿನಲ್ಲಿ.

ಹುಬ್ಬಳ್ಳಿಯ ಕೇಶ್ವಾಪುರದ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಅಗ್ಗದ ಮದರ್‌ಬೋರ್ಡಿನ ಮೇಲೆ ಪ್ರೊಸೆಸರನ್ನು ಅದರ ಸಹಜ ವೇಗಕ್ಕಿಂತ ಎಷ್ಟು ಜಾಸ್ತಿ ಓಡಿಸಬಹುದೆಂದು ಅವನು ಜನಕ್ಕೆ ತೋರಿಸುತ್ತಿದ್ದ. ಓವರ್‌ಕ್ಲಾಕ್ ಎನ್ನುತ್ತಾರೆ ಅದಕ್ಕೆ. ವೇಗ ಏರಿಸಿದಷ್ಟೂ ಪ್ರೊಸೆಸರಿಗೆ ಕರೆಂಟು ಹೆಚ್ಚು ಬೇಕು, ಆ ಕರೆಂಟನ್ನು ಹದ ಮಾಡಿ ಕೊಡುವ ಚಿಪ್‌ಗಳು ಕಾದು ಕೆಂಡವಾಗುತ್ತವೆ. ತುಟ್ಟಿ ಬೋರ್ಡಿನಲ್ಲಿ ಅವುಗಳ ಮೇಲೆ ದಪ್ಪ ಲೋಹದ ಹೊದಿಕೆ ಇರುತ್ತದೆ. ಅಗ್ಗದ್ದರಲ್ಲಿ ಬರೀ ಬೆತ್ತಲೆ. ಅದಕ್ಕೆ ನೇಥನ್ ಕ್ಯಾಮೆರಾಕ್ಕೆ ಕಾಣದ ಹಾಗೆ ಟೇಬಲ್ ಫ್ಯಾನ್ ಇಟ್ಟು, ಆ ಚಿಪ್‌ಗಳಿಗೇ ಗಾಳಿ ಹೊಡೆಯುತ್ತಿದ್ದ. ಫ್ಯಾನಿನ ಸದ್ದನ್ನು ವಿಡಿಯೋದಿಂದ ಅಳಿಸುವ ಕೆಲಸ ಏಂಜೆಲ್‌ಳದು. ಒಮ್ಮೆ ಸುಮ್ಮನೆ ಫ್ಯಾನ್ ಆರಿಸಿ ನೋಡಿದಳು. ಕಂಪ್ಯೂಟರ್ ಸ್ವಲ್ಪ ಹೊತ್ತಿಗೇ ಕಣ್ಣು ಮುಚ್ಚಿತು. ಅಂದಿನಿಂದ ಸದ್ದು ಅಳಿಸಿದಾಗಲೆಲ್ಲ ಅವಳಿಗೆ ಕೈ ತೊಳೆದುಕೊಳ್ಳಬೇಕೆನಿಸುತ್ತಿತ್ತು.

"ಫ್ಯಾನ್ ಐತಿ ಅಂತ ಹೇಳಿಬಿಡ್ರಿ," ಎಂದಿದ್ದಳು.

"ಹೇಳಿದ್ರ ಯಾರ್ ನೋಡ್ತಾರ? ಬಡವರ ಬೋರ್ಡ್ ಇಷ್ಟ್ ಓಡ್ತು ಅಂದ್ರನ ಮಂದಿ ಬರೂದು," ಎಂದು ಹಲ್ಲು ಕಿಸಿದಿದ್ದ.

ಮಂದಿ ಬಂದರು. ಶನಿವಾರ ಮಧ್ಯಾಹ್ನ ಧಾರವಾಡದ ಹತ್ತಿರದ ಗರಗ ಎಂಬ ಹಳ್ಳಿಯಿಂದ ಸಂಘಮಿತ್ರಾ ಎನ್ನುವವಳು, ವಿಡಿಯೋದ ಕೆಳಗಿದ್ದ ವಿಳಾಸ ಹುಡುಕಿಕೊಂಡು ಬಾಗಿಲಿಗೇ ಬಂದಳು. ಸಿಪಿಯುವನ್ನು ಹಳೆ ಚಾದರದಲ್ಲಿ ಸುತ್ತಿ, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಡಿಪ್ಲೊಮಾ ಮುಗಿಸಿದ ಹುಡುಗಿ. ಕಟ್ಟಬೇಕಾದ ಮನೆ ಹೇಗೆ ಕಾಣುತ್ತದೆಂದು ಕಾಂಟ್ರ್ಯಾಕ್ಟರಿಗೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವ ಕೆಲಸ ಹಿಡಿದಿದ್ದಳು. ಮುಚ್ಚಳ ತೆಗೆದರೆ ಸುಟ್ಟ ವಾಸನೆ ಕೋಣೆಯೆಲ್ಲ ತುಂಬಿತು.

"ಅಣ್ಣಾರ, ನೀವು ಹೇಳಿದ ಬೋರ್ಡನ ತಗೊಂಡೆ, ನೀವು ಇಟ್ಟಷ್ಟ ಸ್ಪೀಡ್ ಇಟ್ಟೆ. ಒಂದೀಟೂ ಹೆಚ್ಚಿಗಿ ಮಾಡಿಲ್ರಿ. ಸೋಮವಾರ ಚಿತ್ರ ಕೊಡಬೇಕು. ಇದ ಮೊದಲನೇ ಕೆಲಸರಿ. ತಪ್ಪಿದ್ರ ಅವರು ಮತ್ತ ಕರಿಯಂಗಿಲ್ಲ."

ನೇಥನ್ ಮೂಗು ಮುರಿದ. "ಹಳ್ಳ್ಯಾಗ ಧೂಳ ಭಾಳ ಇರ್ತೈತ್ರಿ ಮೇಡಂ. ನೀವು ಸರಿ ಜೋಡಿಸಿಲ್ಲ, ಕಾಣಾಕತ್ತೈತಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಆ ಹುಡುಗಿಯಾದರೂ ತಿರುಗಿ ಬೀಳಬಾರದೇ? ತಲೆ ತಗ್ಗಿಸಿ, "ಇರಬೌದ್ರಿ, ನಂದ ತಪ್ಪಿರಬೌದು," ಎಂದಳು. ಏಂಜೆಲ್ ಮುಂದೆ ಬಂದಳು.

"ನಿಂದೇನೂ ತಪ್ಪಿಲ್ಲ ತಂಗಿ. ವಿಡಿಯೋದಾಗ ಬಾಜೂಕ ಫ್ಯಾನ್ ಇಟ್ಟಿದ್ರು. ಅದರ ಸಪ್ಪಳ ಅಳಿಸಿದಾಕಿ ನಾನು."

ನೇಥನ್‌ನ ಮುಖ ಬಿಳಿಚಿಕೊಂಡಿತು. ಆಗ ಅವನು ಒಂದು ಸಲ ತಲೆ ತಗ್ಗಿಸಿದ್ದರೂ ಏಂಜೆಲ್ ಎಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೋ ಏನೋ. ತಗ್ಗಿಸಲಿಲ್ಲ. ಅವನ ಕಣ್ಣು ಹೊಳೆಯತೊಡಗಿದವು.

"'ಅಗ್ಗದ ಬೋರ್ಡ್ ಸುಟ್ಟದ್ದ್ಯಾಕ?' ಅಂತ ಹೆಸರಿಟ್ರ ಮಸ್ತ್ ವಿಡಿಯೋ ಆಗ್ತೈತಿ!" ಎನ್ನುತ್ತಲೇ ಕ್ಯಾಮೆರಾ ಎತ್ತಿಕೊಂಡ. "ಮೇಡಂ, ಆ ಬೋರ್ಡ್ ಹಿಡಕೊಂಡ ನಿಂದರ್ರಿ. ಮಾರಿ ಸ್ವಲ್ಪ ಅಳೂವಂಗ ಇರಲಿ."

ಥೂ! ಇಂಥವನ ಮಗ್ಗುಲಲ್ಲಿ ಕೂತು ಅವಳು ಇಷ್ಟು ದಿನ ಉಂಡಿದ್ದಳು.

ಏಂಜೆಲ್ ತನ್ನ ಮೇಜಿನ ಹತ್ತಿರ ಹೋದಳು. ವಿಡಿಯೋ ತಿದ್ದುವ ಮಷಿನ್ ಅಲ್ಲಿತ್ತು, ಅವಳು ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ ತಂದ ಪಗಾರದಲ್ಲಿ ಕೊಂಡದ್ದು. ಅದರೊಳಗಿನ ತುಟ್ಟಿ ಬೋರ್ಡನ್ನು ಆರಿಸಿದವನು ನೇಥನ್. ಅದರ ವೇಗವನ್ನು ಒಂದು ಕೂದಲೆಳೆಯಷ್ಟೂ ಏರಿಸಿರಲಿಲ್ಲ ಪುಣ್ಯಾತ್ಮ. ಅವಳು ವೈರುಗಳನ್ನು ಕಿತ್ತಳು.

"ಏನ್ ಮಾಡಾಕತ್ತೀ? ವಿಡಿಯೋ ಎದರಾಗ ಮಾಡೂನು?"

ಏಂಜೆಲ್ ಸಂಘಮಿತ್ರಾ ತಂದಿದ್ದ ಚಾದರ ಎಳೆದುಕೊಂಡಳು. ಮಷಿನನ್ನು ಚಾದರದಲ್ಲಿ ಸುತ್ತಿ ಸಂಘಮಿತ್ರಾಳ ಕೈಗಿಟ್ಟಳು. "ನಿನ್ನ ಕೆಲಸ ಇರೂ ಡಿಸ್ಕ್ ತಗದು ಇದಕ್ಕ ಹಚ್ಚಿಕೋ. ಚಿತ್ರ ಮುಗಿಸು."

ಕಪಾಟಿನಲ್ಲಿ ಅದೇ ಅಗ್ಗದ ಬೋರ್ಡಿನ ಹೊಸ ಡಬ್ಬಿಯೊಂದಿತ್ತು. ಅದನ್ನು ತಂದು ಗಂಡನ ಮುಂದೆ ಇಟ್ಟಳು.

"ಮಂದಿಗೆ ಇದ ಸಾಕು ಅಂತೀರಲ್ರಿ. ಇನ್ನ ಮ್ಯಾಲ ನಿಮಗೂ ಇದ ಸಾಕು."