ಬಾನ್ಗಲ್ಲು ಎಂಬ ಪದ

ಗಂಗಾನಗರದ ರಾಮಕೃಷ್ಣಪ್ಪನವರೂ ಅಮೃತಹಳ್ಳಿಯ ಜಿಯಾವುಲ್ಲಾ ಅವರೂ ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಮಕ್ಕಳಿಗಾಗಿ ವಿಜ್ಞಾನ ಪದಕೋಶ ಮಾಡಲು ಕೂತರು. ಹಳೆಯ ವಿದ್ಯಾರ್ಥಿನಿ ಪದ್ಮಶ್ರೀ ಬಂದು ಟೈಪ್ ಮಾಡಿಕೊಡುತ್ತಿದ್ದಳು.

ಜಗಳವಾದದ್ದು ಒಂದೇ ಒಂದು ಪದಕ್ಕೆ. ಆಕಾಶದಿಂದ ಬೀಳುವ ಕಲ್ಲಿನ ಉಲ್ಕೆಗೆ, ಅಂದರೆ ಏರೋಲೈಟ್‌ಗೆ, ರಾಮಕೃಷ್ಣಪ್ಪ ‘ಶಿಲೋಲ್ಕೆ’ ಎಂದು ಬರೆದಿದ್ದರು.

“ಮಕ್ಕಳಿಗೆ ನಾಲಿಗೆ ಹೊರಳಲ್ಲ ಸಾರ್,” ಎಂದರು ಜಿಯಾವುಲ್ಲಾ. “ಏರೋ ಅಂದ್ರೆ ಗಾಳಿ, ಲೈಟ್ ಅಂದ್ರೆ ಕಲ್ಲು. ಗ್ರೀಕರದ್ದೂ ಇಷ್ಟೇ ಸೀದಾ. ಬಾನ್ಗಲ್ಲು ಅನ್ನೋಣ.”

“ಆಲಿಕಲ್ಲೂ ಬಾನಿಂದ್ಲೇ ಬೀಳೋದು.”

“ಅದು ಕರಗೋಗುತ್ತಲ್ಲ ಸಾರ್!”

ಪದ್ಮಶ್ರೀ ನಕ್ಕುಬಿಟ್ಟಳು. ರಾಮಕೃಷ್ಣಪ್ಪನವರಿಗೆ ಮೈ ಉರಿಯಿತು. “ಮನೇಲಿ ಉರ್ದು ಮಾತಾಡೋರು ನನಗೆ ಕನ್ನಡ ಹೇಳ್ಕೊಡ್ಬೇಡಿ,” ಎಂದರು.

ಜಿಯಾವುಲ್ಲಾ ಪೆನ್ನಿಗೆ ಮುಚ್ಚಳ ಹಾಕಿದರು. “ಬರ್ತೀನಿ ಸಾರ್,” ಎಂದು ಎದ್ದು ಹೋದವರು ಮತ್ತೆ ಬರಲಿಲ್ಲ.

ತಿರುಗಿ ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಫೋನ್ ಮಾಡಲು ರಾಮಕೃಷ್ಣಪ್ಪನವರಿಗೆ ಮುಖವಿರಲಿಲ್ಲ. ಅಚ್ಚಿಗೆ ಕೊಡುವ ಮುನ್ನ ‘ಶಿಲೋಲ್ಕೆ’ ಹೊಡೆದುಹಾಕಿ ‘ಬಾನ್ಗಲ್ಲು’ ಎಂದು ಬರೆಸಿದರು. ಪುಸ್ತಕ ನೋಡಿದರೆ ಸಾಹೇಬರಿಗೆ ಅರ್ಥವಾಗುತ್ತದೆ, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ ಎಂದುಕೊಂಡರು. ಪುಸ್ತಕ ಬರಲು ಏಳು ತಿಂಗಳು ಹಿಡಿಯಿತು. ಬಂದ ದಿನವೇ ಒಂದು ಪ್ರತಿ ಹಿಡಿದು ಅಮೃತಹಳ್ಳಿಗೆ ಹೋದರು.

ಬಾಗಿಲು ತೆರೆದದ್ದು ಜಿಯಾವುಲ್ಲಾರ ಹೆಂಡತಿ ಕುಲ್ಸುಮ್. ಕೂರಿಸಿ, “ಅವರು ಹೋಗಿ ಮೊನ್ನೆಗೆ ನಲವತ್ತು ದಿನ ಆಯ್ತು ಸಾರ್. ಹಾರ್ಟ್ ಅಟ್ಯಾಕ್,” ಎಂದರು.

“ನನಗೊಂದು ಮಾತು ಹೇಳ್ಬಾರದಿತ್ತೇನಮ್ಮಾ?”

“ಮಗಳು ಫೋನ್ ಮಾಡ್ತೀನಿ ಅಂದ್ಲು. ನಾನೇ ಬೇಡ ಅಂದೆ.” ಕುಲ್ಸುಮ್ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿಮ್ಮನೆಯಿಂದ ಬಂದ ದಿನ, ‘ನನ್ ಕನ್ನಡ ಅಷ್ಟು ಕೆಟ್ಟದಾಗಿದ್ಯಾ?’ ಅಂತ ಕೇಳಿದ್ರು. ಕನ್ನಡದಲ್ಲೇ ಕೇಳಿದ್ರು ಸಾರ್. ನನ್ ಹತ್ರ ಯಾವತ್ತೂ ಕನ್ನಡ ಮಾತಾಡಿದೋರಲ್ಲ.”

“ತಪ್ಪಾಯ್ತಮ್ಮಾ.”

“ನನಗೆ ಹೇಳಿ ಏನ್ ಪ್ರಯೋಜನ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕುಲ್ಸುಮ್ ಪುಸ್ತಕವನ್ನು ಎರಡೂ ಕೈಯಲ್ಲಿ ಈಸಿಕೊಂಡರು. ರಾಮಕೃಷ್ಣಪ್ಪ ಖಬರಸ್ತಾನ ಎಲ್ಲಿದೆಯೆಂದು ಕೇಳಿಕೊಂಡು ನಡೆದೇ ಹೋದರು.

ಅಲ್ಲಿ ಹೊಸ ಮಣ್ಣಿನ ಗುಡ್ಡೆಗಳು ಮೂರಿದ್ದವು. ಯಾವುದಕ್ಕೂ ಇನ್ನೂ ಹೆಸರು ಹಾಕಿರಲಿಲ್ಲ. ಕೇಳೋಣವೆಂದರೆ ಒಳಗೆ ಯಾರೂ ಕಾಣಲಿಲ್ಲ. ಚಪ್ಪಲಿ ಬಿಟ್ಟು, ಒಂದೊಂದರ ಮುಂದೆಯೂ ನಿಂತು, “ಸಾಹೇಬ್ರೇ, ನಂದು ತಪ್ಪಾಯ್ತು,” ಎಂದು ಮೂರು ಸಲ ಹೇಳಿದರು.