ಬಿಳಿ ಬೇಸಿನ್ನಿನ ಎಣ್ಣೆ

ಆ ಬೆಳಿಗ್ಗೆ ಸೆವರ್ನ್ ಹೊಳೆಯ ಮಂಜು ಎದ್ದುಬಂದು ಮಾಲ್ವರ್ನ್ ಗುಡ್ಡದ ಸೊಂಟ ಹಿಡಿದು ನಿಂತುಬಿಟ್ಟಿತ್ತು. ಮೇಲೆ ಹತ್ತಲೊಲ್ಲದು, ಕೆಳಗೆ ಇಳಿಯಲೊಲ್ಲದು. ಡೆಸ್ಮಂಡನ ಗ್ಯಾರೇಜಿನಲ್ಲಿ ವಿಲ್ಫ್ ಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರಿನಡಿ ಬೆನ್ನು ಕೊಟ್ಟು ಮಲಗಿ, ಗೇರ್‌ಬಾಕ್ಸಿನ ತಳದ ತಿರುಪು ಬಿಚ್ಚಿದ. ಹಳೆ ಎಣ್ಣೆ ಹಿಡಿಯುವ ಎಂದಿನ ಕರಿ ಡಬ್ಬ ಸಿಗದೆ ಡೆಸ್ಮಂಡನ ಹೆಂಡತಿ ಬೆರಿಲಳ ಬಿಳಿ ಬೇಸಿನ್ನನ್ನು ಕೆಳಗಿಟ್ಟಿದ್ದ.

ಇಬ್ಬರದೂ ಐವತ್ತು ವರ್ಷದ ಗೆಳೆತನ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಡೆಸ್ಮಂಡನ ಎಡಭಾಗ ಬಿದ್ದುಹೋಗಿತ್ತು. ಕಾಲಿನ ಬಲ ಒಂದು ವರ್ಷದೊಳಗೆ ಮರಳಿತು, ಕೈಯದು ಮರಳಲಿಲ್ಲ. ಗೇರು ಹಾಕುವ ಕೈಯೇ ಅದು. ಅದಕ್ಕೆ ಬಲ ಬರಲೆಂದು ಡೆಸ್ಮಂಡ ರಬ್ಬರ್ ಚೆಂಡೊಂದನ್ನು ಹಿಸುಕುತ್ತ ಮೂರು ವರ್ಷ ಕಿಟಕಿಯ ಬಳಿ ಕೂತ. ಕಳೆದ ವಾರ ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು. ಇವತ್ತು ಅವನು ತನ್ನ ಕಾರನ್ನು ತಾನೇ ಓಡಿಸಿಕೊಂಡು ಗುಡ್ಡ ಹತ್ತುವವನಿದ್ದ.

ಅಷ್ಟೂ ಕಾಲ ಕಾರು ವಿಲ್ಫ್‌ನ ವಶದಲ್ಲಿತ್ತು. ಪ್ರತಿ ಭಾನುವಾರ ಚಾಪೆಲ್ಲಿನ ಪ್ರಾರ್ಥನೆ ಮುಗಿಸಿ ಬಂದು ಅದನ್ನು ಗುಡ್ಡ ಸುತ್ತಿಸಿ ತರುತ್ತಿದ್ದ.

ಬೇಸಿನ್ನಿನ ಮೇಲೆ ಬೆಳಕು ಬಿತ್ತು. ಕರಿ ಡಬ್ಬದಲ್ಲಿ ಎಂದೂ ಕಾಣದಂತೆ, ಎಣ್ಣೆ ಚಿನ್ನದ ಹಾಗೆ ಮಿನುಗಿತು.

ವಿಲ್ಫ್ ಬೆರಳದ್ದಿ ಉಜ್ಜಿ ನೋಡಿದ. ಹಿತ್ತಾಳೆ. ಗೇರನ್ನು ಮೆತ್ತಗೆ ಕೂರಿಸುವ ಉಂಗುರಗಳಿಂದ ಸವೆದು ಬಂದ ಹಿತ್ತಾಳೆಯ ಪುಡಿ. ಅಂಥ ಉಂಗುರ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಯೇ ಮೂವತ್ತು ವರ್ಷವಾಗಿತ್ತು.

ಡೆಸ್ಮಂಡ ಮುಂಚಿನಿಂದಲೂ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ ಹಾಕುತ್ತಿದ್ದ: ಇಪ್ಪತ್ತು-ಐವತ್ತರ ದಪ್ಪ ಎಂಜಿನ್ ಎಣ್ಣೆ. "ಗೇರಿನೆಣ್ಣೆ ಅಂತ ಮಾರ್ತಾರಲ್ಲ, ಅದರಲ್ಲಿ ಗಂಧಕ ಇರತ್ತೆ ಕಣೋ. ಹಿತ್ತಾಳೆಗೆ ವಿಷ," ಎಂದು ಒಮ್ಮೆ ಹೇಳಿದ್ದ. ಜಿಪುಣನ ಮಾತು ಎಂದು ವಿಲ್ಫ್ ನಕ್ಕಿದ್ದ. ಡೆಸ್ಮಂಡ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ವಿಲ್ಫ್ ಅಂಗಡಿಗೆ ಹೋಗಿ, "ಇರೋದರಲ್ಲೆಲ್ಲ ಒಳ್ಳೇದು ಕೊಡಪ್ಪ. ಕಾಯಿಲೆ ಬಿದ್ದೋನ ಕಾರು," ಎಂದಿದ್ದ. ಅಂಗಡಿಯವನು ಕೊಟ್ಟದ್ದು ದುಬಾರಿ ಗೇರಿನೆಣ್ಣೆ. ಗಂಜಿ ಕುಡಿಯುವ ಹೊಟ್ಟೆಗೆ ಪ್ರೀತಿಯಿಂದ ತುಪ್ಪ ಸುರಿದ ಹಾಗಾಯಿತು.

ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವಾಗ ಅವನು ತಿರುಪಿನ ತುದಿಯ ಅಯಸ್ಕಾಂತವನ್ನು ನೋಡುತ್ತಿದ್ದ. ಅದಕ್ಕೆ ಒಂದು ಚೂರೂ ಅಂಟಿರುತ್ತಿರಲಿಲ್ಲ. ದೇವರಿಗೆ ಕೈಮುಗಿಯುತ್ತಿದ್ದ. ಅಯಸ್ಕಾಂತ ಹಿಡಿಯುವುದು ಕಬ್ಬಿಣವನ್ನು. ಹಿತ್ತಾಳೆ ಅದರ ಮೈ ಸವರಿಕೊಂಡು ಹೋದರೂ ಅದಕ್ಕೆ ತಿಳಿಯದು. ಮನುಷ್ಯನ ಮನಸ್ಸಾಕ್ಷಿಯೂ ಅಷ್ಟೇ ತಾನೆ?

ಬೆರಿಲಳ ಜಾಮ್ ಬಾಟಲಿಯೊಂದರಲ್ಲಿ ಆ ಎಣ್ಣೆ ತುಂಬಿ ಕೋಟಿನ ಜೇಬಿಗಿಳಿಸಿದ. ಗೇರ್‌ಬಾಕ್ಸಿಗೆ ಎಂಜಿನ್ ಎಣ್ಣೆ ಹೊಯ್ಯುತ್ತ ಪ್ರಾರ್ಥಿಸಿದ. ಸವೆದ ಹಿತ್ತಾಳೆ ಪ್ರಾರ್ಥನೆಗೆ ಮರಳುವುದಿಲ್ಲವೆಂದು ಗೊತ್ತಿದ್ದೂ ಪ್ರಾರ್ಥಿಸಿದ.

"ಏನಯ್ಯಾ ಹಾಲಿನ ಲಾರಿ, ನನ್ನ ಕುದುರೆಗೆ ಮೇವು ಹಾಕಿದ್ಯಾ?" ಡೆಸ್ಮಂಡ ಟೈ ಕಟ್ಟಿಕೊಂಡು ಬಂದಿದ್ದ. ವಿಲ್ಫ್ ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದವನು.

"ಹಾಕಿದೀನಿ."

"ಮುಖ ಯಾಕೆ ಹುಳಿ ಹಾಲಿನ ಥರ ಇದೆ?"

"ಮಂಜು," ಎಂದ ವಿಲ್ಫ್. ಇದೊಂದು ದಿನ ಗೇರ್‌ಬಾಕ್ಸು ತಡೆದೀತು ಎಂಬ ಆಸೆ ಅವನ ನಾಲಿಗೆಯನ್ನು ಕಟ್ಟಿಹಾಕಿತ್ತು.

ವಿಲ್ಫ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಡೆಸ್ಮಂಡ ಗುಡ್ಡದ ಬುಡದಲ್ಲಿ ಗೇರನ್ನು ಮೂರರಿಂದ ಎರಡಕ್ಕೆ ಎಳೆದ. ಹಲ್ಲು ಕಡಿದಂತೆ ಕರ್ರೆಂದಿತು. ಮತ್ತೆ ಎಳೆದ. ಮತ್ತೆ ಕರ್ರೆಂದಿತು. ನಾಲ್ಕನೆಯ ಸಲಕ್ಕೆ ಕಾರು ಏದುಸಿರು ಬಿಟ್ಟು ಕಲ್ಲಿನ ನೀರತೊಟ್ಟಿಯ ಪಕ್ಕ ನಿಂತುಹೋಯಿತು. ಡೆಸ್ಮಂಡ ತನ್ನ ಎಡಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

"ಕೈಯಲ್ಲಿ ಬಲ ಇಲ್ಲ ಕಣೋ. ನೀನು ಓಡಿಸ್ದಾಗ ಬೆಣ್ಣೆ ಥರ ಬೀಳ್ತಿತ್ತು ಗೇರು. ಪ್ರತಿ ಭಾನುವಾರ ಕಿಟಕೀಲಿ ಕೂತು ಕೇಳ್ತಿದ್ದೆ."

ಯಾಕೆಂದು ವಿಲ್ಫ್‌ಗೆ ಆಗ ಹೊಳೆಯಿತು. ಲಾರಿಯ ಅಭ್ಯಾಸ, ಅವನು ಒಂದು ಗೇರಿಗೆ ಎರಡು ಸಲ ಕ್ಲಚ್ ತುಳಿಯುವವನು. ಉಂಗುರ ಮಾಡಬೇಕಾದ ಕೆಲಸವನ್ನು ಇಷ್ಟು ವರ್ಷ ಅವನ ಕಾಲೇ ಮಾಡಿತ್ತು. ಅದಕ್ಕೇ ಉಂಗುರ ಸವೆದದ್ದು ಅವನಿಗೂ ತಿಳಿಯಲಿಲ್ಲ, ಕಿಟಕಿಯಲ್ಲಿ ಕೂತವನಿಗೂ ತಿಳಿಯಲಿಲ್ಲ.

"ಸಾಕು. ಮಾರಿಬಿಡು ಇದನ್ನ. ಆ ಚೆಂಡನ್ನೂ ಒಲೆಗೆ ಹಾಕು ಅಂತೀನಿ ಬೆರಿಲ್‌ಗೆ," ಎಂದ ಡೆಸ್ಮಂಡ.

ಸುಮ್ಮನಿದ್ದರೆ ಸಾಕಿತ್ತು. ಕಾರು ಯಾರಿಗೋ ಹೋಗುತ್ತಿತ್ತು, ಗೆಳೆತನ ಉಳಿಯುತ್ತಿತ್ತು. ವಿಲ್ಫ್ ಜೇಬಿನಿಂದ ಬಾಟಲಿ ತೆಗೆದು ಗೆಳೆಯನ ಎಡಗೈಯಲ್ಲಿಟ್ಟ.

"ತಪ್ಪು ಕೈಯದಲ್ಲ. ಅಂಗಡಿಯ ಗೇರಿನೆಣ್ಣೆ ಹಾಕ್ಬಿಟ್ಟೆ. ನಾನೇ. ನಾಲ್ಕು ವರ್ಷ."

ಡೆಸ್ಮಂಡ ಬಾಟಲಿಯನ್ನು ಬೆಳಕಿಗೆ ಹಿಡಿದ. ಚಿನ್ನದ ಪುಡಿ ನಿಧಾನ ತಳಕ್ಕಿಳಿಯಿತು.

"ಆ ಉಂಗುರ ಇನ್ನು ಎಲ್ಲೂ ಸಿಗಲ್ಲ. ಗೊತ್ತಲ್ವಾ?"

"ಗೊತ್ತು."

"ಬೆಳಿಗ್ಗೇನೇ ಗೊತ್ತಿತ್ತು ನಿಂಗೆ."

"ಹೂಂ."

"ಇಳಿ," ಎಂದ ಡೆಸ್ಮಂಡ, ಅವನತ್ತ ನೋಡದೆ.

ವಿಲ್ಫ್ ಇಳಿದ. ನಾಲ್ಕು ವರ್ಷ ತನ್ನ ಗೊಂಚಲಿನಲ್ಲಿದ್ದ ಗ್ಯಾರೇಜಿನ ಬೀಗದ ಕೈಯನ್ನು ಬಿಡಿಸಿ, ಸದ್ದಾಗದಂತೆ ಸೀಟಿನ ಮೇಲಿಟ್ಟ. ಬಾಟಲಿ ಇನ್ನೂ ಡೆಸ್ಮಂಡನ ಎಡಗೈಯಲ್ಲೇ ಇತ್ತು. ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದಿದ್ದವು, ಒಂದಿಷ್ಟೂ ನಡುಗುತ್ತಿರಲಿಲ್ಲ.